ನನ್ನ ಎರಡು ಕ್ಯಾಮರಾಗಳು

ನಾನು ಪಟ ತೆಗೆಯಬೇಕೆಂದು ಕ್ಯಾಮರಾವನ್ನು ಎತ್ತಿದಾಗಲೆಲ್ಲ ನನ್ನ ತಂಗಿ ಒಂದು ಪ್ರಶ್ನೆಯನ್ನು ಕೇಳುವುದುಂಟು: “ಅಣ್ಣ, ಮುಚ್ಚಳ ತೆಗೆದಿದ್ದೀಯಾ?” ಹತ್ತಿರ ಹತ್ತಿರ ಐವತ್ತು ವರ್ಷಗಳಿಂದ ಈ ಪ್ರಶ್ನೆ ನಡೆದುಬಂದಿದೆ. ಈಗ ನನ್ನ ಕೈಯಲ್ಲಿರುವ ಕ್ಯಾಮರಾಕ್ಕೆ ತೆಗೆಯತಕ್ಕ ಮುಚ್ಚಳವೇ ಇಲ್ಲ. ಗುಂಡಿಯನ್ನು ಒತ್ತಿದರೆ ಅದು ತಾನಾಗಿಯೇ ಕಣ್ಣು ತೆರೆಯುತ್ತದೆ. ಆದರೂ ಅವಳು ಕೇಳುವುದನ್ನು ಬಿಟ್ಟಿಲ್ಲ. ಹೊಸದಾಗಿ ಮನೆಗೆ ಬಂದ ಸೊಸೆಯರೂ ಮೊಮ್ಮಕ್ಕಳೂ ಅದರ ಅರ್ಥ ತಿಳಿಯದೆ ನಮ್ಮಿಬ್ಬರ ಮುಖವನ್ನು ನೋಡುತ್ತಾರೆ. ಅರ್ಥವನ್ನು ಹೇಳಬೇಕಾದರೆ ಹಳೆಯ ಕ್ಯಾಮರಾದ ಕಥೆಯನ್ನು ಹೇಳಬೇಕು. ಅದನ್ನು ಹೇಳಿದಮೇಲೆ ಹೊಸದರ ಕಥೆಯನ್ನು ಹೇಳದೆ ಬಿಡುವುದಕ್ಕಾಗದು.

ಹಳೆಯದು ಜೋರ್ಕಿ-4 ಎಂಬ ರಷ್ಯಾ ದೇಶದ ಕ್ಯಾಮರಾ. ಇಂಜಿನಿಯರಿಂಗ್ ತರಬೇತಿಗೆಂದು ಮಾಸ್ಕೋ ನಗರಕ್ಕೆ ಹೋಗಿದ್ದ ನನ್ನ ಸೋದರಮಾವನವರು 1970ರಲ್ಲಿ ಹಿಂದಿರುಗುವಾಗ ಅದನ್ನು ನನಗೆಂದು ತಂದರು. ಮಾಸ್ಕೋವಿಗೆ ಸಮೀಪದ ಕ್ರಾಸ್ನೊಗೋರ್ಸ್ಕ್ ಎಂಬ ಊರಿನ ಕಾರ್ಖಾನೆಯಲ್ಲಿ ಈ ಮಾದರಿಯು 1956ರಿಂದ 1973ರ ವರೆಗೆ ತಯಾರಾಗುತ್ತಿದ್ದಿತು. ರಷ್ಯನ್ ಭಾಷೆಯಲ್ಲಿ ‘ಜೋರ್ಕಿ’ ಎಂದರೆ ತೀಕ್ಷ್ಣವಾದ ದೃಷ್ಟಿಯುಳ್ಳದ್ದು ಎಂದು ಅರ್ಥವೆಂದು ಮಾವನವರೇ ಹೇಳಿದರು. ಇಪ್ಪತ್ತು ವರ್ಷದ ಹುಡುಗನಿಗೆ ಆ ಹೆಸರು ತನ್ನದೇ ಬಿರುದೆಂಬಂತೆ ಹಿಗ್ಗು.

ಈ ಕ್ಯಾಮರಾದ ವಂಶಾವಳಿ ಕೇಳತಕ್ಕದ್ದು. ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದಲ್ಲಿ ಸೂಕ್ಷ್ಮದರ್ಶಕಗಳನ್ನು ಮಾಡುತ್ತಿದ್ದ ಲೈಟ್ಸ್ ಕಂಪನಿಯಲ್ಲಿ ಓಸ್ಕಾರ್ ಬಾರ್ನಾಕ್ ಎಂಬ ಕುಶಲಿಯಿದ್ದನು. ಚಲನಚಿತ್ರದ ಕಿರಿದಾದ ಫಿಲ್ಮನ್ನೇ ಬಳಸಿಕೊಂಡು ಜೇಬಿನಲ್ಲಿಡಬಹುದಾದ ಕ್ಯಾಮರಾವೊಂದನ್ನು ಅವನು ರಚಿಸಿದನು. ಅದು ‘ಲೈಕಾ’ ಎಂಬ ಹೆಸರಿನಿಂದ 1925ರಲ್ಲಿ ಮಾರುಕಟ್ಟೆಗೆ ಬಂದಿತು. 1932ರಲ್ಲಿ ಅದಕ್ಕೆ ದೂರವನ್ನು ಅಳೆಯುವ ರೇಂಜ್‌ಫೈಂಡರ್ ಒಳಗೇ ಜೋಡಣೆಯಾಯಿತು. ಮುಂದೆರಡು ವರ್ಷಗಳಲ್ಲಿ ಖಾರ್ಕೋವ್ ನಗರದ ಒಂದು ಆಶ್ರಮದಲ್ಲಿ, ತಂದೆತಾಯಿಗಳಿಲ್ಲದೆ ಬೀದಿಪಾಲಾಗಿದ್ದ ಹುಡುಗರನ್ನು ಕೂಡಿಸಿ ಕೆಲಸ ಕಲಿಸುತ್ತಿದ್ದ ಕಡೆ, ಆ ಹುಡುಗರೇ ಲೈಕಾವನ್ನು ಬಿಚ್ಚಿ ನೋಡಿ ಅದರಂತೆಯೇ ‘ಫೆಡ್’ ಎಂಬ ಕ್ಯಾಮರಾವನ್ನು ಮಾಡತೊಡಗಿದರು. ಆ ಫೆಡ್ಡಿನ ಪ್ರತಿಯಾಗಿ 1948ರಲ್ಲಿ ಹುಟ್ಟಿದ್ದು ಮೊದಲನೆಯ ಜೋರ್ಕಿ. ಅಂತು, ನನ್ನ ಕೈಗೆ ಬಂದದ್ದು ಲೈಕಾದ ದೂರದ ದಾಯಾದಿ. ಶ್ರೀಮಂತರ ಮನೆಯ ಹುಡುಗನ ಮೂಗನ್ನೇ ಹೋಲುವ ಬಡಸಂಬಂಧಿಯಂತೆ ಅದು ಇದ್ದಿತು. ಭಾರ ಹೆಚ್ಚು, ನಯ ಕಡಮೆ, ಆದರೆ ಕೆಲಸದಲ್ಲಿ ಮೋಸವಿಲ್ಲ.

ಈ ಜಾತಿಯ ಕ್ಯಾಮರಾದಲ್ಲಿ ನಾವು ಮಸೂರದ ಮೂಲಕ ನೋಡುವುದಿಲ್ಲ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ನನ್ನ ಕಥೆಯೆಲ್ಲ ನಿಂತಿರುವುದು ಅದರ ಮೇಲೆ. ಮುಖಭಾಗದಲ್ಲಿ ಒಂದಕ್ಕೊಂದು ದೂರವಾಗಿ ಎರಡು ಸಣ್ಣ ಕಿಟಕಿಗಳಿವೆ. ಒಂದರಿಂದ ಎದುರಿನ ದೃಶ್ಯವು ನೇರವಾಗಿ ಕಣ್ಣಿಗೆ ಬರುತ್ತದೆ. ಇನ್ನೊಂದರಿಂದ ಬಂದ ಬೆಳಕು ಒಳಗೆ ತಿರುಗಿ ಬಂದು ಆ ದೃಶ್ಯದ ನಡುವೆ ಒಂದು ಪುಟ್ಟ ತೇಪೆಯಂತೆ ಬೀಳುತ್ತದೆ. ಆ ತೇಪೆಯೊಳಗೆ ಪ್ರತಿಯೊಂದೂ ಎರಡೆರಡು: ಒಂದು ಮೂಗಿಗೆ ಎರಡು ಮೂಗು, ಒಂದು ಬೊಟ್ಟಿಗೆ ಎರಡು ಬೊಟ್ಟು. ಮಸೂರದ ಬಳೆಯನ್ನು ಮೆಲ್ಲನೆ ತಿರುಗಿಸುತ್ತ ಹೋದರೆ ಎರಡನೆಯ ಬಿಂಬವು ಸರಿದು ಬಂದು ಮೊದಲನೆಯದರೊಡನೆ ಕೂಡಿಕೊಳ್ಳುತ್ತದೆ. ಎರಡು ಒಂದಾದ ಕ್ಷಣದಲ್ಲಿ ದೂರ ಸರಿಹೋಯಿತೆಂದು ತಿಳಿಯತಕ್ಕದ್ದು. ಮುಂದೆ ಬಂದ ಕನ್ನಡಿಯ ಕ್ಯಾಮರಾಗಳಲ್ಲಿ ಗುಂಡಿಯೊತ್ತಿದ ಕ್ಷಣಕ್ಕೆ ಒಳಗಿನ ಕನ್ನಡಿ ಮೇಲೆದ್ದು ಕಣ್ಣಿಗೆ ಕತ್ತಲೆ ಕವಿಯುತ್ತದೆ, ಇದರಲ್ಲಿ ಹಾಗಿಲ್ಲ. ಯಾವ ಗಳಿಗೆಯನ್ನು ಹಿಡಿದೆವೋ ಆ ಗಳಿಗೆಯನ್ನು ಕಣ್ಣಾರೆ ಕಂಡಿರುತ್ತೇವೆ. ಸದ್ದೂ ಕಡಮೆ. ಫ್ರಾನ್ಸಿನ ಹೆನ್ರಿ ಕಾರ್ಟಿಯೆ-ಬ್ರೆಸಾನ್ ಇಂಥದೊಂದು ಲೈಕಾವನ್ನು ಹಿಡಿದುಕೊಂಡೇ 1948ರಲ್ಲಿ ಗಾಂಧೀಜಿಯವರ ಕೊನೆಯ ದಿನಗಳನ್ನೂ ಅಂತ್ಯಯಾತ್ರೆಯನ್ನೂ, 1950ರಲ್ಲಿ ತಿರುವಣ್ಣಾಮಲೆಯಲ್ಲಿ ರಮಣ ಮಹರ್ಷಿಗಳ ಕೊನೆಯ ದಿನಗಳನ್ನೂ ಚಿತ್ರಿಸಿದನು. ಅವನ ಹೆಸರನ್ನು ನಾನು ಕೇಳಿದ್ದು ಬಹಳ ತಡವಾಗಿ. ನನ್ನ ಗುರು ಕ್ಯಾಮರಾದೊಡನೆ ಬಂದಿದ್ದ ಒಂದು ತೆಳುವಾದ ಪುಸ್ತಿಕೆ. ಅದೂ ಅರ್ಧ ಅರ್ಥವಾದದ್ದು.

ಚಾಮರಾಜಪುರದ ನಮ್ಮ ಮನೆಯಲ್ಲಿ ರಾತ್ರಿ ಎಲ್ಲರ ಸ್ನಾನಪಾನಗಳೂ ಮುಗಿದಮೇಲೆ ಬಚ್ಚಲುಮನೆಯು ನನ್ನ ವಶವಾಗುತ್ತಿತ್ತು. ಹಂಡೆಯ ಬಾಯಿಗೆ ಹಲಗೆ ಹಾಕಿ, ಅದರ ಮೇಲೆ ಅಗ್ಗಕ್ಕೆ ಕೊಂಡಿದ್ದ ಎನ್‌ಲಾರ್ಜರನ್ನಿಟ್ಟು, ಕಿಟಕಿಗೆ ಕಂಬಳಿ ಕಟ್ಟಿ, ಕೆಂಪು ದೀಪ ಹಚ್ಚಿದರೆ ಕತ್ತಲೆಕೋಣೆ ಸಿದ್ಧ. ಪೂರ್ವ ಜರ್ಮನಿಯ ಓರ್ವೋ ಫಿಲ್ಮು ಆಗ ನಮ್ಮಲ್ಲಿ ಸುಲಭವಾಗಿ ಸಿಕ್ಕುತ್ತಿತ್ತು. ಉದಕಮಂಡಲದ ಕಾರ್ಖಾನೆಯ ‘ಇಂದು’ ಹೆಸರಿನ ಸಾಮಗ್ರಿಯೂ ಬಂದಿದ್ದಿತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಕಾಗದದ ಮೇಲೆ ಬೆಳಕನ್ನು ಇಷ್ಟು ಸೆಕೆಂಡು ಬಿಡಬೇಕೆಂದು ಲೆಕ್ಕವುಂಟಷ್ಟೆ? ಸೆಕೆಂಡಿನ ಮುಳ್ಳಿದ್ದ ಒಂದೇ ಗಡಿಯಾರವು ನಮ್ಮ ತಂದೆಯವರ ಕೈಯಲ್ಲಿದ್ದಿತು. ಅದನ್ನು ಬಚ್ಚಲುಮನೆಗೆ ಒಯ್ಯುವುದಕ್ಕೆ ಅಪ್ಪಣೆಯಿರಲಿಲ್ಲ. ನಮ್ಮ ತಾಯಿಯವರು ಅದಕ್ಕೆ ಉಪಾಯವನ್ನು ಕಂಡುಹಿಡಿದರು. ಅವರು ದಿನವೂ ಹೇಳಿಕೊಳ್ಳುತ್ತಿದ್ದ ಒಂದು ಶ್ಲೋಕವು ಎಳೆಯದೆ ಓಡದೆ ಹೇಳಿದರೆ ಸರಿಯಾಗಿ ಹನ್ನೆರಡು ಸೆಕೆಂಡುಗಳೆಂದು ತಂದೆಯವರ ಗಡಿಯಾರವನ್ನೇ ನೋಡಿ ನಿಷ್ಕರ್ಷೆ ಮಾಡಿದೆವು. ನಾನು ಒಳಗಿನಿಂದ “ಹ್ಞೂಂ” ಎಂದರೆ ಅವರು ಮುಚ್ಚಿದ ಬಾಗಿಲಿನ ಹೊರಗೆ ನಿಂತು ಹೇಳತೊಡಗುವರು; ಶ್ಲೋಕ ಮುಗಿದ ಕೂಡಲೆ ನಾನು ದೀಪ ಆರಿಸುವೆನು. ಕಪ್ಪಾದ ನೆಗೆಟಿವಿಗೆ ಎರಡು ಶ್ಲೋಕ. ನನ್ನ ಆ ಕಾಲದ ಪಟಗಳನ್ನು ನೋಡಿದವರು ಛಾಯೆ ಒಂದೇ ಸಮನಾಗಿದೆಯೆಂದು ಹೊಗಳಿದ್ದಾರೆ; ಹೊಗಳಿಕೆ ಸಲ್ಲತಕ್ಕದ್ದು ಬಾಗಿಲಿನ ಹೊರಗಿದ್ದವರಿಗೆ.

ಒಂದು ದಿನ ಮಾತ್ರ ಅವರನ್ನು ಒಳಗೆ ಕರೆದೆನು. ಬಿಳಿಯ ಕಾಗದವನ್ನು ದ್ರಾವಣದಲ್ಲಿ ಮುಳುಗಿಸಿ ತಟ್ಟೆಯನ್ನು ಅಲುಗಿಸುತ್ತಿದ್ದೆನು. ಕೆಂಪು ಬೆಳಕಿನಲ್ಲಿ ಮೊದಲು ಹುಬ್ಬು, ಆಮೇಲೆ ಕಣ್ಣು, ಆಮೇಲೆ ಮುಖವೆಲ್ಲವೂ ಮೂಡಿಬಂದಿತು. ಅವರು ಸೆರಗನ್ನು ಬಾಯಿಗೆ ಹಿಡಿದು ನೋಡುತ್ತಿದ್ದು, “ಇಷ್ಟು ಹೊತ್ತು ಎಲ್ಲಿತ್ತೋ ಇದು?” ಎಂದರು. ಬೆಳ್ಳಿಯ ಲವಣದ ಕಣಗಳ ವಿಚಾರವನ್ನು ನಾನು ಏನೇನೋ ವಿವರಿಸಿದೆನು. ಅವರಿಗೆ ಬೇಕಾಗಿದ್ದ ಉತ್ತರ ಅದಾಗಿರಲಿಲ್ಲವೆಂದು ಕಾಣುತ್ತದೆ.

ಹಾಗೆ ಮೂಡಿಬಂದದ್ದು ಅವರದೇ ಮುಖ. 1974ನೆಯ ಇಸವಿ, ಬೇಸಗೆಯ ಒಂದು ಬೆಳಗ್ಗೆ ಹಿತ್ತಿಲ ಜಗುಲಿಯಲ್ಲಿ ದೋಸೆಗೆ ರುಬ್ಬುತ್ತಿದ್ದರು. ತಲೆಗೆ ನೀರೆರೆದುಕೊಂಡು ಕೂದಲನ್ನು ಹಾಗೆಯೇ ಬಿಟ್ಟಿದ್ದರು, ಮೊಣಕೈಯವರೆಗೆ ಹಿಟ್ಟು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಏನೋ ಹೇಳಲಾಗಿ ತಲೆಯನ್ನು ಹಿಂದಕ್ಕೆ ಎಸೆದು ನಕ್ಕರು. ನಾನು ದೂರವನ್ನು ಮೊದಲೇ ಸರಿಮಾಡಿಕೊಂಡಿದ್ದೆನು. ಪಟ ಒಣಗಿದಮೇಲೆ ಬೆಳಕಿನಲ್ಲಿ ನೋಡಿ ಅವರು ಮುಖ ಸಿಂಡರಿಸಿದರು. “ಇದೇನೋ ಇದು, ತಲೆ ಕೆದರಿಕೊಂಡು, ಬಾಯಿ ಬಿಟ್ಟುಕೊಂಡು! ನಿಮ್ಮ ಅಪ್ಪ ನೋಡಿದರೆ ಏನಂದಾರು? ಹರಿದುಹಾಕು.” ನಾನು ಅವರೆದುರಿಗೇ ಹರಿದು ಹಂಡೆಯ ಒಲೆಗೆ ಹಾಕಿದೆನು. ನೆಗೆಟಿವಿನ ನೆನಪು ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ. ಅದು ತನ್ನ ಐದು ಮಂದಿ ಒಡಹುಟ್ಟಿದವರೊಡನೆ ಒಂದೇ ಪಟ್ಟಿಯಲ್ಲಿ ಬಿಸ್ಕತ್ತಿನ ಡಬ್ಬಿಗೆ ಸೇರಿತು.

ಇನ್ನು ಮುಚ್ಚಳದ ವಿಷಯ. 1976ರಲ್ಲಿ ತಂಗಿಯ ಮದುವೆಯಾಯಿತು. “ಮನೆಯಲ್ಲಿಯೇ ಫೋಟೋದವನಿರುವಾಗ ಸ್ಟೂಡಿಯೋದವರಿಗೆ ದುಡ್ಡು ಸುರಿಯುವುದೇಕೆ?” ಎಂದು ನಮ್ಮ ತಂದೆಯವರು ನಿಶ್ಚಯಿಸಿದರು. ನಾನೂ ಬೇಡವೆನ್ನಲಿಲ್ಲ. ಮುಹೂರ್ತಕ್ಕೆ ಮುಂಚೆ ಹೋಮದ ಹೊಗೆ ಮಸೂರಕ್ಕೆ ತಗುಲದಿರಲೆಂದು ಮುಚ್ಚಳ ಹಾಕಿದೆನು. ಅಂತಃಪಟ ಸರಿಯಿತು, ಜೀರಿಗೆ ಬೆಲ್ಲ ಬಿದ್ದಿತು, ಧಾರೆಯಾಯಿತು, ಮಾಂಗಲ್ಯಧಾರಣೆಯಾಯಿತು. ನಾನು ಮಂಟಪದ ಸುತ್ತ ಸುತ್ತಿ, ಬೈಸಿಕೊಂಡು, ಪುರೋಹಿತರ ಕಾಲು ತುಳಿದು, ಒಂಬತ್ತು ಪಟಗಳನ್ನು ತೆಗೆದೆನು. ಫ್ಲಾಷು ಪ್ರತಿಸಲವೂ ಮಿಂಚಿತು. ಕಿಟಕಿಯಲ್ಲಿ ಎರಡು ಬಿಂಬಗಳು ಪ್ರತಿಸಲವೂ ಒಂದಾದುವು. ಮಸೂರದ ಮೂಲಕ ನೋಡುವ ಕ್ಯಾಮರಾ ಆಗಿದ್ದರೆ ಮುಚ್ಚಳವಿದ್ದಾಗ ಕಣ್ಣಿಗೆ ಕತ್ತಲೆಯೇ ಕಾಣುತ್ತಿತ್ತು. ನನ್ನದರಲ್ಲಿ ನನಗೆ ಎಲ್ಲವೂ ಕಂಡಿತು, ಫಿಲ್ಮಿಗೆ ಏನೂ ಕಾಣಲಿಲ್ಲ. ಭೂಮದ ಎಲೆಗೆ ಕುಳಿತಾಗ ಹುಡುಗನೊಬ್ಬನು, “ಮಾಮ, ಅದರ ಮೂತಿ ಮುಚ್ಚಿದೆ” ಎಂದು ತೋರಿಸಿದನು.

ಫಿಲ್ಮನ್ನು ತೊಳೆದಾಗ ಆ ಒಂಬತ್ತು ಚೌಕಗಳು ನೀರಿನಂತೆ ನಿರ್ಮಲವಾಗಿದ್ದುವು. ತಂದೆಯವರು ಎರಡು ದಿನ ಮಾತನಾಡಲಿಲ್ಲ. ತಂಗಿ ಗೌರೀಹಬ್ಬಕ್ಕೆ ಬರುವವರೆಗೂ ಮಾತನಾಡಲಿಲ್ಲ. ನಮ್ಮ ತಾಯಿಯವರೊಬ್ಬರು, “ಮದುವೆಯಂತೂ ಆಯಿತಲ್ಲ” ಎಂದರು. ಡಿಜಿಟಲ್ ಕ್ಯಾಮರಾವನ್ನು ಹಳಿಯುವ ಹಳಬರ ಕೂಟದಲ್ಲಿ ನಾನು ಬಾಯಿ ಬಿಡದಿರುವುದಕ್ಕೆ ಈ ಒಂಬತ್ತು ಚೌಕಗಳೇ ಕಾರಣ. ಹಿಂಬದಿಯಲ್ಲಿ ಒಂದು ಅಂಗೈಯಷ್ಟು ಪರದೆ ಅಂದು ಇದ್ದಿದ್ದರೆ, ಮೊದಲನೆಯ ಪಟಕ್ಕೇ ತಪ್ಪು ತಿಳಿದು ಮಿಕ್ಕ ಎಂಟು ಉಳಿಯುತ್ತಿದ್ದುವು.

ಮೂವತ್ತೊಂಬತ್ತು ವರ್ಷ ನಾನು ಜೋರ್ಕಿಯನ್ನು ಬಿಡಲಿಲ್ಲ. ಅದಕ್ಕೂ ಅದರದೇ ಆದ ಸಿಡುಕುಗಳುಂಟು. ಪರದೆಯನ್ನು ಬಿಗಿಮಾಡಿಕೊಂಡ ಮೇಲಲ್ಲದೆ ವೇಗದ ಗುಂಡಿಯನ್ನು ತಿರುಗಿಸಕೂಡದು. ತಿರುಗಿಸಿದರೆ ಒಳಗೆ ಏನಾದರೂ ಮುರಿದೀತು. ಬಟ್ಟೆಯ ಪರದೆಯಾದುದರಿಂದ ಮಸೂರವನ್ನು ಸೂರ್ಯನಿಗೆ ಅಭಿಮುಖವಾಗಿ ಇಟ್ಟು ಮರೆಯಕೂಡದು. ಭೂತಗನ್ನಡಿ ಕಾಗದವನ್ನು ಸುಡುವಂತೆ ಸುಟ್ಟೀತು. ಇವುಗಳಿಗೆಲ್ಲ ಹೊಂದಿಕೊಂಡಿದ್ದೆನು. ಹೊಂದಿಕೊಳ್ಳಲಾಗದೆ ಹೋದದ್ದು ನನ್ನ ಕಣ್ಣಿಗೆ. ಐವತ್ತೈದು ದಾಟಿದಮೇಲೆ ಸಂಜೆಯ ಬೆಳಕಿನಲ್ಲಿ ಆ ತೇಪೆಯೊಳಗಿನ ಎರಡು ಬಿಂಬಗಳು ಕೂಡಿದುವೋ ಇಲ್ಲವೋ ತಿಳಿಯದಾಯಿತು. ಕಣ್ಣಿನ ಶಕ್ತಿಗೆ ತಕ್ಕಂತೆ ಸರಿಪಡಿಸಿಕೊಳ್ಳಲು ಸುರುಳಿ ಸುತ್ತುವ ಗುಂಡಿಯ ಬುಡದಲ್ಲಿ ಒಂದು ಸಣ್ಣ ಹಿಡಿಯಿದೆ; ಅದನ್ನು ಕೊನೆಯವರೆಗೆ ತಿರುಗಿಸಿಯೂ ನೋಡಿದೆನು. ತೀಕ್ಷ್ಣದೃಷ್ಟಿಯೆಂಬುದು ಕ್ಯಾಮರಾದ ಹೆಸರಿನಲ್ಲಿ ಮಾತ್ರ ಉಳಿಯಿತು. ಅದೇ ಕಾಲಕ್ಕೆ ಫಿಲ್ಮು ತೊಳೆದುಕೊಡುವ ಅಂಗಡಿಗಳೂ ಒಂದೊಂದಾಗಿ ಕೈಬಿಟ್ಟುವು. ರಾಸಾಯನಿಕಗಳನ್ನು ತರಿಸಬೇಕಾದರೆ ಬೆಂಗಳೂರಿಗೇ ಹೇಳಿಕಳುಹಿಸಬೇಕಾಯಿತು. 2009ರಲ್ಲಿ ಮಗನು ಒಂದು ಡಿಜಿಟಲ್ ಕ್ಯಾಮರಾವನ್ನು ತಂದು ನನ್ನ ಮುಂದಿಟ್ಟನು. ಸಾಬೂನಿನ ಪೆಟ್ಟಿಗೆಯಷ್ಟಿದ್ದಿತು.

ಲೈಕಾದ ವಂಶದಲ್ಲಿಯೇ ಡಿಜಿಟಲ್ ಸಂತಾನವಿಲ್ಲದಿಲ್ಲ. 2004ರಲ್ಲಿ ಜಪಾನಿನ ಎಪ್ಸನ್ ಕಂಪನಿಯವರು ಮೊದಲ ಡಿಜಿಟಲ್ ರೇಂಜ್‌ಫೈಂಡರನ್ನು ಹೊರಡಿಸಿದರು. ಅದರಲ್ಲಿ ಎಳೆಯಬೇಕಾದ ಫಿಲ್ಮೇ ಇಲ್ಲದಿದ್ದರೂ ಫಿಲ್ಮು ಎಳೆಯುವ ಹಿಡಿಯಿದ್ದಿತು. ಪರದೆಯನ್ನು ಬಿಗಿಮಾಡುವ ಕೆಲಸವನ್ನು ಅದಕ್ಕೆ ಒಪ್ಪಿಸಿದ್ದರು. ವೃದ್ಧರ ಹೆಬ್ಬೆರಳಿಗೆ ಕೆಲಸ ತಪ್ಪಬಾರದೆಂಬ ದಯೆಯಿರಬೇಕು. 2006ರಲ್ಲಿ ಲೈಕಾದವರದೂ ಬಂದಿತು. ಅವುಗಳ ಬೆಲೆಯನ್ನು ಕೇಳಿದಮೇಲೆ ಸಾಬೂನಿನ ಪೆಟ್ಟಿಗೆಯೇ ಸೊಗಸಾಗಿ ಕಂಡಿತು.

ನಾನು ಆ ಪೆಟ್ಟಿಗೆಯನ್ನು ಪಡೆದ ವರ್ಷವೇ ವಿಲ್ಲರ್ಡ್ ಬಾಯ್ಲ್, ಜಾರ್ಜ್ ಸ್ಮಿತ್ ಎಂಬ ಇಬ್ಬರು ವಿಜ್ಞಾನಿಗಳಿಗೆ ನೊಬೆಲ್ ಬಹುಮಾನದಲ್ಲಿ ಭಾಗ ದೊರೆಯಿತು. ಬೆಳಕನ್ನು ವಿದ್ಯುತ್ತಾಗಿ ಹಿಡಿದಿಡುವ ಸಿಲಿಕಾನಿನ ಬಿಲ್ಲೆಯನ್ನು ಅವರು 1969ರಲ್ಲಿ ಕಲ್ಪಿಸಿದ್ದರು. ಅದನ್ನು ಬಳಸಿ 1975ರಲ್ಲಿ ಮೊದಲ ಡಿಜಿಟಲ್ ಕ್ಯಾಮರಾವನ್ನು ಮಾಡಿದವನು ಫಿಲ್ಮಿಗೆ ಹೆಸರಾದ ಕೊಡಕ್ ಕಂಪನಿಯಲ್ಲಿಯೇ ಇದ್ದ ಸ್ಟೀವನ್ ಸ್ಯಾಸನ್. ಒಂದು ಪಟವನ್ನು ಕ್ಯಾಸೆಟ್ಟಿನ ಪಟ್ಟಿಯ ಮೇಲೆ ಬರೆದುಕೊಳ್ಳುವುದಕ್ಕೆ ಅದಕ್ಕೆ 23 ಸೆಕೆಂಡು ಹಿಡಿಯುತ್ತಿತ್ತು. ನಮ್ಮ ತಾಯಿಯವರ ಲೆಕ್ಕದಲ್ಲಿ ಹೆಚ್ಚುಕಡಮೆ ಎರಡು ಶ್ಲೋಕ. ಆ ಕೂಸೇ ಬೆಳೆದು ಹೆತ್ತ ಮನೆಯನ್ನು ನುಂಗಿತು. 2012ರ ಜನವರಿಯಲ್ಲಿ ಕೊಡಕ್ಕಿನವರು ದಿವಾಳಿಯ ರಕ್ಷಣೆಯನ್ನು ಬೇಡಿ ನ್ಯಾಯಾಲಯಕ್ಕೆ ಹೋದರು.

ಹೊಸ ಕ್ಯಾಮರಾ ನನಗೆ ಬಹಳ ಉಪಕಾರ ಮಾಡಿತು. ದೂರವನ್ನು ತಾನೇ ನೋಡಿಕೊಳ್ಳುವುದು. ದೇವರಮನೆಯ ಸೊಡರಿನ ಬೆಳಕಿನಲ್ಲಿಯೂ ಪಟ ಬರುವುದು. ಮೂವತ್ತಾರು ಮುಗಿಯಿತೆಂಬ ಭಯವಿಲ್ಲ. ಆದರೆ ಅದನ್ನು ನನಗಿಂತ ಹೆಚ್ಚಾಗಿ ಮೆಚ್ಚಿದವರು ನಮ್ಮ ತಾಯಿಯವರು. ಅವರಿಗೆ ಆಗ ಎಂಬತ್ತಮೂರು ವರ್ಷ. ಗುಂಡಿಯೊತ್ತಿದ ಮರುಕ್ಷಣವೇ ಕನ್ನಡಕಕ್ಕೆ ಕೈಹಾಕಿ, “ಎಲ್ಲಿ, ತೋರಿಸು” ಎನ್ನುವರು. ಕತ್ತಲೆಕೋಣೆಯ ಬಾಗಿಲಿನ ಹೊರಗೆ ನಿಂತು ನಿಂತು ಸಾಕಾಗಿದ್ದಿತೋ ಏನೋ! ನೋಡಿ ತೀರ್ಪನ್ನು ಕೊಡುವರು. “ಇದು ಇರಲಿ.” “ಇದು ಬೇಡಪ್ಪ, ಅಳಿಸಿಬಿಡು.” ಅಳಿಸುವುದು ಎಷ್ಟು ಸುಲಭವೆಂದು ಮೊಮ್ಮಕ್ಕಳಿಂದ ಅವರಿಗೆ ತಿಳಿದಿದ್ದಿತು. ನಾನು ಅವರೆದುರಿಗೇ ಅಳಿಸುವೆನು. ಹರಿಯುವ ಕೆಲಸವಿಲ್ಲ, ಒಲೆಯ ಕೆಲಸವಿಲ್ಲ. ಮೂರು ವರ್ಷಗಳಲ್ಲಿ ಎಷ್ಟು ಅಳಿಸಿದೆನೋ ಲೆಕ್ಕವಿಟ್ಟಿಲ್ಲ. ಉಳಿದವೆಲ್ಲ ಅವರು ಒಪ್ಪಿದ ಪಟಗಳು: ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ಶಾಲು ಹೊದೆದು, ತುಟಿಗಳನ್ನು ಬಿಗಿಹಿಡಿದು, ನ್ಯಾಯಾಧೀಶರಂತೆ ಎದುರಿಗೆ ನೋಡುತ್ತಿರುವುವು. ನಮ್ಮ ಮನೆಯಲ್ಲಿ ಅವರು ಆ ರೀತಿ ಕುಳಿತದ್ದನ್ನು ಪಟ ತೆಗೆಯುವಾಗಲಲ್ಲದೆ ನಾನು ಎಂದೂ ಕಾಣೆನು.

2011ರ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಅವರೂ ತಂಗಿಯೂ ಹಿಂದಿನ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅವರೆಯ ಸೊಗಡು ಮನೆಯೆಲ್ಲ ತುಂಬಿದ್ದಿತು. ಹಿತಕಿದ ಕಾಳೊಂದು ತಾಯಿಯವರ ಬೆರಳ ಸಂದಿನಿಂದ ಚಿಮ್ಮಿ ತಂಗಿಯ ಹಣೆಗೆ ಬಡಿಯಿತು. ಇಬ್ಬರೂ ನಕ್ಕರು, ತಾಯಿಯವರು ಬಹಳವಾಗಿ ನಕ್ಕರು, ತಲೆಯನ್ನು ಹಿಂದಕ್ಕೆ ಎಸೆದು. ಹಲ್ಲಿನ ಸೆಟ್ಟು ಒಳಗೆ ಬಟ್ಟಲಿನಲ್ಲಿದ್ದಿತು. ನಾನು ಗುಂಡಿಯನ್ನೊತ್ತಿದೆನು.

“ತೋರಿಸು” ಎಂದರು. ಎಂದಿಗಿಂತ ಹೆಚ್ಚು ಹೊತ್ತು ನೋಡಿದರು. “ಹಲ್ಲಿಲ್ಲ. ಅಳಿಸಿಬಿಡಪ್ಪ.”

“ಇರಲಿ ಅಮ್ಮ, ಚೆನ್ನಾಗಿದೆ” ಎಂದೆನು.

“ನಾನಿಲ್ಲದಾಗ ಜನ ಇದನ್ನು ನೋಡಬೇಕೇನೋ? ಅಳಿಸು.”

ಅಳಿಸಬೇಕೇ ಎಂದು ಕ್ಯಾಮರಾ ಒಂದು ಸಲ ಕೇಳಿತು. ಹೌದೆಂದೆನು. ಮಾರ್ಚಿನಲ್ಲಿ ಅವರು ತೀರಿಕೊಂಡರು.

ವೈಕುಂಠಸಮಾರಾಧನೆಯ ದಿನ ಕುರ್ಚಿಯ ಪಟಗಳಲ್ಲಿ ಒಂದಕ್ಕೆ ಕಟ್ಟು ಹಾಕಿಸಿ ಹಾರ ಹಾಕಿದೆವು. ಬಂದವರು ಚೆನ್ನಾಗಿದೆಯೆಂದರು. ಅದು ನನ್ನ ತಾಯಿಯವರು ಜನರಿಗೆಂದು ಆರಿಸಿಟ್ಟ ಮುಖವೆಂಬುದು ನನಗೆ ಗೊತ್ತು. ಆ ಇಚ್ಛೆಯನ್ನು ನಡೆಸಿದೆನೆಂಬ ಸಮಾಧಾನವೂ ಇದ್ದಿತು. ಸಮಾಧಾನ ಎಂಟು ದಿನ ಬಾಳಿತು. ಒಂಬತ್ತನೆಯ ದಿನ ತಂಗಿಯ ಮಗನನ್ನು ಕರೆದೆನು. ಅವನು ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ಅಳಿಸಿದ ಪಟವನ್ನು ಮತ್ತೆ ತರಬಹುದೇ ಎಂದು ಕೇಳಿದೆನು.

ಅವನು ವಿವರಿಸಿದನು. ಕ್ಯಾಮರಾದಲ್ಲಿ ಅಳಿಸಿದರೆ ಪಟವು ಆ ಕ್ಷಣವೇ ನಾಶವಾಗುವುದಿಲ್ಲವಂತೆ. ಪುಸ್ತಕದ ವಿಷಯಸೂಚಿಯಲ್ಲಿ ಹೆಸರನ್ನು ಹೊಡೆದುಹಾಕಿದಂತೆ ಅಷ್ಟೆ. ಒಳಗಿನ ಪುಟ ಹಾಗೆಯೇ ಇರುತ್ತದೆ. ಆದರೆ ಆ ಪುಟವು ಖಾಲಿಯೆಂಬ ಲೆಕ್ಕವಾದುದರಿಂದ ಮುಂದೆ ತೆಗೆದ ಪಟಗಳು ಅದರ ಮೇಲೆಯೇ ಬರೆಯಲ್ಪಡಬಹುದು. ‘ಇಷ್ಟು ಹೊತ್ತು ಎಲ್ಲಿತ್ತೋ ಇದು’ ಎಂಬ ಹಳೆಯ ಮಾತು ಆಗ ನನ್ನ ಕಿವಿಯಲ್ಲಿ ನುಡಿಯಿತು. “ಆಮೇಲೆ ಇದೇ ಕಾರ್ಡಿನಲ್ಲಿ ಏನಾದರೂ ತೆಗೆದಿರಾ, ಮಾಮ?” ಎಂದನು. ತೆಗೆದಿದ್ದೆನು. ಜನವರಿಯಲ್ಲಿ ನೆಂಟರ ಮನೆಯ ಉಪನಯನವೊಂದರಲ್ಲಿ ಇನ್ನೂರಕ್ಕೂ ಮೇಲೆ ತೆಗೆದಿದ್ದೆನು. ಖರ್ಚಿಲ್ಲವಲ್ಲ! ಬ್ರಹ್ಮಚಾರಿಯ ತಟ್ಟೆಗೆ ಬಿದ್ದ ಒಂದೊಂದು ಹಿಡಿ ಅಕ್ಕಿಯನ್ನೂ ಬಿಡದೆ ತೆಗೆದಿದ್ದೆನು.

ಕಾರ್ಡನ್ನು ಅವನ ವಶಕ್ಕೆ ಕೊಟ್ಟು ಕಾದುಕೊಂಡಿದ್ದ ವಾರದಲ್ಲಿ ನನಗೆ ನಿದ್ರೆ ಸರಿಯಾಗಿ ಬರಲಿಲ್ಲ. ಬೇಡವೆಂದು ಬಾಯಿಬಿಟ್ಟು ಹೇಳಿದವರ ಮಾತನ್ನು ಅವರು ಹೋದಮೇಲೆ ಮೀರುವುದು ಸರಿಯೇ? ಮುಖ ಅವರದು. ಗುಂಡಿಯೊತ್ತಿದ ಮಾತ್ರಕ್ಕೆ ಅದು ನನ್ನದಾದೀತೆ? ಆದರೆ 1974ರಲ್ಲಿಯೂ ಅವರು ಇದೇ ಮಾತನ್ನು ಹೇಳಿದ್ದರು, ನಾನು ಇದೇ ರೀತಿ ನಡೆದುಕೊಂಡಿದ್ದೆನು. ಅಂದು ನನ್ನ ವಿಧೇಯತೆಯು ಕಾಗದದ ಆಚೆಗೆ ಹೋಗಲಿಲ್ಲ. ಫಿಲ್ಮು ಅದಕ್ಕೊಂದು ಗಡಿಯನ್ನು ಹಾಕಿದ್ದಿತು. ತಾಯಿಗೆ ಮಗನು ವಿಧೇಯನೂ ಆದನು, ಪಟವೂ ಉಳಿಯಿತು. ಹೊಸ ಕ್ಯಾಮರಾದಲ್ಲಿ ನಾನು ಪೂರ್ಣವಾಗಿ ವಿಧೇಯನಾದೆನು. ಯಂತ್ರವನ್ನು ದೂರುವುದಕ್ಕೆ ನನಗೆ ಬಾಯಿಲ್ಲ. ಅದು ಒಂದು ಸಲ ಕೇಳಿಯೇ ಕೇಳಿತಲ್ಲ.

ಆ ರಾತ್ರಿಗಳಲ್ಲೊಂದರಲ್ಲಿ ಬಿಸ್ಕತ್ತಿನ ಡಬ್ಬಿಯನ್ನು ಇಳಿಸಿದೆನು. ಪಟ್ಟಿಯನ್ನು ದೀಪಕ್ಕೆ ಹಿಡಿದಾಗ ನಾಲ್ಕನೆಯ ಚೌಕದಲ್ಲಿ ಅವರಿದ್ದರು: ಕಪ್ಪು ಕೂದಲು ಬೆಳ್ಳಗೆ, ಹಿಟ್ಟಿನ ಕೈ ಕಪ್ಪಗೆ. ಎನ್‌ಲಾರ್ಜರನ್ನು ಮಾರಿ ಎಷ್ಟೋ ವರ್ಷಗಳಾಗಿದ್ದುವು. ತಂಗಿಯ ಮಗನೇ ಅದನ್ನು ಸ್ಕ್ಯಾನ್ ಮಾಡಿ, ದೂಳಿನ ಚುಕ್ಕೆಗಳನ್ನು ಕಂಪ್ಯೂಟರಿನಲ್ಲಿ ಒರಸಿ, ಬೆಂಗಳೂರಿನಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿ ತಂದನು. ನಡುಮನೆಯಲ್ಲಿ ಈಗ ತೂಗುತ್ತಿರುವುದು ಅದೇ. ಮೂವತ್ತೆಂಟು ವರ್ಷ ಕತ್ತಲೆಯಲ್ಲಿದ್ದ ನಗೆ ಡಿಜಿಟಲ್ ವಿದ್ಯೆಯ ಕೈಹಿಡಿದೇ ಗೋಡೆಗೆ ಏರಿತೆಂಬುದನ್ನೂ ಹೇಳಿಬಿಡಬೇಕು; ಇಲ್ಲದಿದ್ದರೆ ಅನ್ಯಾಯವಾದೀತು.

ಅಳಿಸಿದ ಪಟವೂ ಬಂದಿತು, ಮೇಲಿನ ಅರ್ಧ ಮಾತ್ರ. ಜಗುಲಿಯ ಗೋಡೆ, ಗೋಡೆಯ ಮೇಲಿನ ಕ್ಯಾಲೆಂಡರಿನ ಅಂಚು, ಕಿಟಕಿಯ ಸರಳು, ನಡುವೆ ಬಿಳಿಯ ಕೂದಲು, ಹಣೆ, ಹುಬ್ಬುಗಳು ಮೇಲಕ್ಕೆದ್ದಿರುವುದು. ಅಲ್ಲಿಂದ ಕೆಳಗೆ ಎಲ್ಲವೂ ಬರಿಯ ಬೂದುಬಣ್ಣ. ಕೆಳಗಿನ ಅರ್ಧದ ಮೇಲೆ ಉಪನಯನದ ಅಕ್ಕಿ ಬಿದ್ದುಹೋಗಿದ್ದಿತು. ಹುಬ್ಬುಗಳನ್ನು ನೋಡಿದರೆ ಅವರು ನಗುತ್ತಿದ್ದಾರೆಂದು ಕಂಡವರಿಗೆ ತಿಳಿಯುತ್ತದೆ. ಹಲ್ಲಿಲ್ಲವೆಂಬುದು ಯಾರಿಗೂ ತಿಳಿಯುವುದಿಲ್ಲ.

ತಂಗಿ ಬಂದಾಗ ಅದನ್ನು ತೋರಿಸಬೇಕೋ ಬೇಡವೋ ಎಂದು ಅನುಮಾನಿಸಿ ಕೊನೆಗೆ ತೋರಿಸಿದೆನು. ಅವಳು ಕಂಪ್ಯೂಟರಿನ ಮುಂದೆ ಕುಳಿತು ಬಹಳ ಹೊತ್ತು ನೋಡಿದಳು. ಬೂದುಬಣ್ಣದ ಮೇಲೆ, ಕಾಯಿಯ ಮೊರವಿರಬೇಕಾದ ಕಡೆ, ಒಮ್ಮೆ ಬೆರಳನ್ನಿಟ್ಟಳು.

“ಈ ಸಲ ಅರ್ಧ ಮುಚ್ಚಳ ತೆಗೆದಿದ್ದೀಯೆ, ಅಣ್ಣ” ಎಂದಳು.

ತನಗೊಂದು ಪ್ರತಿ ಬೇಕೆಂದು ಕೇಳಿದಳು. ಬೂದುಬಣ್ಣದ ಭಾಗವನ್ನು ಕತ್ತರಿಸಿ ಕೊಡಲೇ ಎಂದೆನು. ಬೇಡ, ಹಾಗೆಯೇ ಇರಲಿ ಎಂದಳು. ಹಾಗೆಯೇ ಅಚ್ಚು ಹಾ­ಕಿಸಿ ಕೊಟ್ಟೆನು.